ರೈಲ್ವೆ ಗೇಟಿನಲ್ಲಿ ಬಿಪಿ ಪಂದ್ಯ

ಸಂಡೂರಿನಿಂದ ಹೊಸಪೇಟೆಗೆ ಬರುವಾಗ ರೈಲ್ವೆ ಗೇಟ್ ಹಾಕಿತ್ತು. ಅದಿರಿನ ಗೂಡ್ಸ್ ಬರಬೇಕು ಅಂತ ಡ್ರೈವರ್ ಬಸ್ ಆಫ್ ಮಾಡಿದ. ನಾನು ಸರ್ಕಾರಿ ಆಸ್ಪತ್ರೆಯ ನರ್ಸ್. ತೊಡೆ ಮೇಲಿದ್ದ ಬಿಪಿ ಮಷಿನ್ ಮೇಲೆ ಪಕ್ಕದ ಸೀಟಿನ ಗಂಡ ಹೆಂಡತಿಯ ಕಣ್ಣು ಬಿತ್ತು.

"ನಮ್ಮಿಬ್ಬರ್ದೂ ನೋಡ್ರಿ ಸಿಸ್ಟರ್," ಅಂದಳು ಹೆಂಡತಿ. "ಇವರ್ದು ಪ್ರೈವೇಟ್ ಗುಳಿಗಿ, ನಂದು ಸರ್ಕಾರಿ ಗುಳಿಗಿ. ಯಾವ್ದು ಛಲೋ ಇವತ್ತು ಗೊತ್ತಾಗ್ಲಿ!"

ಬಸ್ಸಿನವರೆಲ್ಲ ಎದ್ದು ಬಂದು ನಮ್ಮನ್ನು ಸುತ್ತುವರಿದರು. "ಯಾರೂ ಮಾತಾಡಬ್ಯಾಡ್ರಿ, ಬಿಪಿ ಏರ್ತೈತಿ!" ಅಂತ ಕಂಡಕ್ಟರ್ ಬಸ್ಸು ನಡುಗುವಂತೆ ಕೂಗಿದ.

ಹೆಂಡತಿಯದು ನೂರಾ ಇಪ್ಪತ್ತೆಂಟು. ಹಿಂದಿನ ಸೀಟಿನಿಂದ ಸೀಟಿ ಬಿತ್ತು! ಗಂಡನದು ನೂರಾ ಎಪ್ಪತ್ತು.

"ಮಷಿನ್ ಸರ್ಕಾರದ್ದು, ಆಕಿ ಕಡೀಗೇ ಹೇಳ್ತೈತಿ," ಅಂತ ಯಜಮಾನರು ಸಿಡುಕಿದರು.

"ಗುಳಿಗೆ ದಿನಾ ತಗೋತೀರಾ?" ಅಂತ ಕೇಳಿದೆ.

"ಡಾಕ್ಟ್ರ ಹತ್ರ ಹೋಗೋ ಹಿಂದಿನ ದಿನ ತಪ್ಪದ ತಗೋತೀನ್ರಿ. ಫೀಸೂ ಕೊಟ್ಟು ಬೈಸ್ಕೋಬೇಕೇನು?"

ಹೆಂಡತಿ ನಕ್ಕಳು. "ನಮ್ಮೂರ ಸರ್ಕಾರಿ ದವಾಖಾನಿ ಸಿಸ್ಟರ್ ಪುಕ್ಕಟ ಬೈತಾಳ್ರಿ. ಆಕಿ ಬಾಯಿಗೆ ಹೆದರಿ ನಾ ದಿನಾ ನುಂಗ್ತೀನಿ."

ಗೂಡ್ಸ್ ದಾಟಿ ಗೇಟ್ ಎದ್ದರೂ ಬಸ್ಸಿನ ನಗು ನಿಲ್ಲಲಿಲ್ಲ. ನನ್ನ ಬಾಯಿ ಜೋರು ಅಂತ ನಮ್ಮ ಡಾಕ್ಟರಿಗೆ ಹೋದ ದೂರುಗಳೇನು ಕಡಿಮೆಯಲ್ಲ. ಅದೂ ಒಂದು ಔಷಧಿ ಅಂತ ಗೊತ್ತಾಗಿದ್ದು ಅವತ್ತೇ. ಹೊಸಪೇಟೆ ಬರೋವರೆಗೂ ಯಜಮಾನರಿಗೆ ಅದನ್ನೇ ಕೊಟ್ಟೆ, ಪುಕ್ಕಟೆ.