ಬೆನ್ನಲ್ಲೂ ಕಣ್ಣಿದ್ದ ನಮ್ಮ ಅತ್ತಿಗೆ

ನಮ್ಮವರ ಅಕ್ಕ, ಅಂದರೆ ನನ್ನ ಅತ್ತಿಗೆ, ಪ್ರವಾಸಿಗಳಿಗೆ ಹಳೆಯ ಊರುಗಳನ್ನು ತೋರಿಸುವ ಗೈಡಾಗಿದ್ದರು. ಮೂರು ದಿನ, ಒಂದು ಬಸ್ಸು, ಐದು ಊರು. ಒಂದರಲ್ಲಿ ಕೋಟೆ, ಒಂದರಲ್ಲಿ ಹೊಳೆದಂಡೆಯ ಅರಮನೆ, ಇನ್ನೊಂದರಲ್ಲಿ ಬರೀ ಕಂಬಗಳು ಉಳಿದ ಪೇಟೆ, ಹೀಗೆ. ಜನರ ಕಡೆ ಮುಖ ಮಾಡಿ ಮಾತಾಡುತ್ತಲೇ ಹಿಮ್ಮುಖವಾಗಿ ಮೆಟ್ಟಿಲು ಹತ್ತುತ್ತಿದ್ದರು. ಎಲ್ಲಿ ಕಲ್ಲು ಸವೆದಿದೆ ಎಂಬುದು ಅವರ ಹಿಮ್ಮಡಿಗೇ ಗೊತ್ತು.

"ಅಕ್ಕಂಗೆ ಬೆನ್ನಲ್ಲೂ ಕಣ್ಣು" ಎಂದು ಡ್ರೈವರ್ ನಗುತ್ತಿದ್ದ.

"ನೀನು ಬಸ್ಸು ಓಡ್ಸೋದು ನೋಡೀ ನೋಡೀ ಮುಂದಿನವು ಹೆದ್ರಿ ಮುಚ್ಕೊಂಡಿವೆ ಕಣಪ್ಪ!"

ಅತ್ತಿಗೆಗೆ ಓದು ಬರುತ್ತಿರಲಿಲ್ಲ. ಅದು ಮನೆಯವರಿಗೆ ಮಾತ್ರ ಗೊತ್ತು. ಬರೆದ ಫಲಕದ ಮುಂದೆ ನಿಂತು ಒಂದಕ್ಷರ ತಪ್ಪದೆ ಹೇಳುತ್ತಿದ್ದರು, ಎಲ್ಲ ಬಾಯಿಪಾಠ.

ನಮ್ಮವರು ಕೆಲಸ ಕಳೆದುಕೊಂಡು ಕೂತಾಗ "ಬಾರೋ, ನಂಗೊತ್ತಿರೋದೆಲ್ಲ ಹೇಳ್ಕೊಡ್ತೀನಿ" ಎಂದವರು ಅವರೇ. ಒಂದು ವರ್ಷ ಅಡುಗೆಮನೆಯಲ್ಲೇ ಪಾಠ ನಡೆಯಿತು. ನಾನು ತರಕಾರಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡೆ.

ಆಮೇಲೆ ಪ್ರವಾಸದ ಕಚೇರಿಯವರು ಹೊಸ ನಿಯಮ ತಂದರು. ಕಚೇರಿ ಕೊಟ್ಟ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡವರೇ ಜನರನ್ನು ಒಳಗೆ ಕರೆದೊಯ್ಯಬೇಕು. ಆ ಬಸ್ಸಿಗೆ ಒಂದೇ ಬಿಲ್ಲೆ, ಅದಕ್ಕಾಗಿ ಅಕ್ಕ ತಮ್ಮ ಇಬ್ಬರಿಗೂ ಬಾಯಿಮಾತಿನ ಪರೀಕ್ಷೆ. ಅತ್ತಿಗೆ ನಗುತ್ತಲೇ ಹೋದರು. ನಮ್ಮವರು ಮೊದಲು ಒಳಗೆ ಹೋಗಿ ಬಂದರು. ಅತ್ತಿಗೆಯ ಸರದಿ ಬಂದಾಗ ಸಾಹೇಬರು ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ಕಾಗದ ಕೊಟ್ಟು "ಓದಿ" ಎಂದರಂತೆ.

ಅತ್ತಿಗೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನಮ್ಮವರ ಮುಂದೆ ನಿಂತರು.

"ನೀನೇ ಹೇಳಿದ್ಯೇನೋ?"

"ಕೇಳಿದ್ರು ಅಕ್ಕಾ. ಸುಳ್ಳು ಹೇಳಕ್ಕಾಗುತ್ತಾ?"

"ನಿಮ್ಮಕ್ಕಂಗೆ ಓದು ಬರುತ್ತಾ ಅಂತ ತಾವಾಗೇ ಕೇಳಿದ್ರಾ?"

ನಮ್ಮವರು ನೆಲ ನೋಡಿದರು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು!

ಅತ್ತಿಗೆ ಅತ್ತು ರಂಪ ಮಾಡಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತುಬಿಟ್ಟರು. ನಮ್ಮವರು ಬಿಲ್ಲೆ ಸಿಕ್ಕಿಸಿಕೊಂಡು ಹೊರಟರು. ಎರಡನೇ ವಾರಕ್ಕೇ ಬಾಗಿಲ ಬಳಿ ಬಂದು ನಿಂತರು.

"ಅಕ್ಕಾ, ಅರಮನೆ ಹಿಂಬಾಗಿಲಿಗೆ ಎರಡು ಹೊಸ್ತಿಲು ಯಾಕೆ? ನೀನು ಹೇಳ್ಕೊಟ್ಟಿದ್ದೆ, ನಂಗೆ ಮರ್ತುಹೋಯ್ತು. ನಾಳೆ ದೊಡ್ಡ ಗುಂಪು ಬರುತ್ತೆ."

ಯಂತ್ರ ನಿಲ್ಲಲಿಲ್ಲ. "ಎಲ್ಲಾದ್ರೂ ಬರ್ದಿರುತ್ತೆ ನೋಡಪ್ಪ. ಓದ್ಕೋ."

ಅವರು ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ ಇದ್ಯಲ್ಲ, ನೆನಪಿದ್ಯಾ?"

ನನಗೆ ಒಂದೊಂದು ಮಾತೂ ನೆನಪಿತ್ತು. ಈಗಲೂ ಇದೆ.

"ಇಲ್ಲಾರೀ" ಎಂದೆ.