ಬೀಗದ ಹಾಡು ಟೀವಿಗೆ ಬಂದದ್ದು

ನಾವು ಅದನ್ನು ಗಡಗಡ ಎಂದು ಕರೆಯುತ್ತಿದ್ದೆವು. ರ್ಯಾಪ್ ಎಂಬ ಹೆಸರು ಗೊತ್ತಾಗಿದ್ದು ಪೇಪರಿನವರು ಬಂದ ಮೇಲೆ. ತೊಂಬತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದು ಜನ ಕರಗಿದ ಮೇಲೆ, ಹಿಂದಿನ ಬಯಲಿನಲ್ಲಿ ನಾವು ಮೂವರು ಸೇರುತ್ತಿದ್ದೆವು. ಅಣ್ಣ ಅದೇ ಮಾರ್ಕೆಟ್ಟಿನಲ್ಲಿ ಗೂಡಿನ ಮೂಟೆ ಹೊರುತ್ತಿದ್ದ. ಅವನ ಸ್ನೇಹಿತ ಬಸ್ ಸ್ಟ್ಯಾಂಡಿನ ಹತ್ತಿರ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಅವನದು ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ನಮ್ಮ ಜೊತೆ ಎರಡೂ ಬೆರೆತ ಕನ್ನಡ. ನಾನು ಚಿಂತಾಮಣಿಯಲ್ಲಿ ಬಿ.ಎ. ಓದುತ್ತಿದ್ದೆ. ಪದ ಕಟ್ಟುವುದೂ ಹೇಳುವುದೂ ನನ್ನ ಕೆಲಸ.

ತಮಟೆ ನಮ್ಮ ತಾತನದು. ಸಾವಿಗೆ ಬಾರಿಸಲು ಕರೆದರೆ ಅಣ್ಣ ಹೋಗುತ್ತಿರಲಿಲ್ಲ. ಅದನ್ನೇ ಬೆಂಕಿಗೆ ಹಿಡಿದು ಕಾಯಿಸಿ ನನ್ನ ಮಾತಿಗೆ ಬಾರಿಸುತ್ತಿದ್ದ. ನಾನು ಒಂದೇ ಉಸಿರಿಗೆ ಪ್ರಾಸದ ಮೇಲೆ ಪ್ರಾಸ ಹೇಳುತ್ತಿದ್ದೆ. ಸ್ನೇಹಿತ ಬಾಯಲ್ಲೇ ತಾಳ ಹಾಕುತ್ತ ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದ. ಬಸ್ ಡ್ರೈವರುಗಳ ಕೈ ಸೇರಿ ಆ ಕ್ಯಾಸೆಟ್ಟುಗಳು ಗೌರಿಬಿದನೂರಿನವರೆಗೂ ಹೋಗಿದ್ದವು.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ಬೀಗದ ಹಾಡು. ಅಮ್ಮ ನೂಲು ತೆಗೆಯುತ್ತಿದ್ದ ರೀಲಿಂಗ್ ಯೂನಿಟ್ಟಿನಲ್ಲಿ, ಹೆಂಗಸರು ಒಳಗೆ ಹೋದ ಮೇಲೆ ಸಾಹುಕಾರ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಯಾರಾದರೂ ನೂಲು ಕದ್ದಾರೆಂಬ ಅನುಮಾನ. ಒಳಗೆ ಗೂಡು ಬೇಯಿಸುವ ಒಲೆಯ ಹೊಗೆ, ಬೆಂದ ಹುಳುವಿನ ವಾಸನೆ, ದಿನವಿಡೀ ಬಿಸಿನೀರಿನಲ್ಲಿ ಕೈ. ಒಮ್ಮೆ ಜೊತೆಯವಳೊಬ್ಬಳು ಹೊಗೆಗೆ ತಲೆಸುತ್ತಿ ಬಿದ್ದಾಗ ಬೀಗದ ಕೈ ಇಟ್ಟುಕೊಂಡವನು ಟೀ ಕುಡಿಯಲು ಹೋಗಿದ್ದನಂತೆ. ಅವನು ಬರುವವರೆಗೆ ಅವಳ ಮುಖಕ್ಕೆ ಸೆರಗಿನಿಂದ ಗಾಳಿ ಹಾಕುತ್ತ ಕೂತಿದ್ದರಂತೆ. ಇದನ್ನೆಲ್ಲ ಹೇಳಿ ಅಮ್ಮ, "ಇದ್ನೂ ಒಂದು ಪದ ಮಾಡೇ" ಅಂದಳು. ಮಾಡಿದೆ.

"ಹೊರಗೆ ಬೀಗ, ಒಳಗೆ ಹೊಗೆ, ಉಸಿರು ಬಿಡೋದ್ ಯಾವ ಬಗೆ?"

ಹಾಡಿನಲ್ಲಿ ಯಾರ ಹೆಸರೂ ಇರಲಿಲ್ಲ. ಯಾರದೆಂದು ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ಬಸ್ಸಿನಲ್ಲಿ ಇದನ್ನು ಕೇಳಿದ ಬೆಂಗಳೂರಿನ ಪೇಪರಿನವರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಮೆಲುಮಾತಿನ ಮನುಷ್ಯ. ಹಾಡು ಕೇಳಿ, "ಇದು ಯಾವ ಯೂನಿಟ್ಟು?" ಅಂದರು.

"ಪದ ಸಾರ್ ಅದು. ಯಾವ್ದೂ ಅಲ್ಲ" ಅಂದ ಅಣ್ಣ.

ಭಾನುವಾರದ ಪೇಪರಿನಲ್ಲಿ ಅರ್ಧ ಪುಟ ಬಂತು. ಮೇಲೆ ನಮ್ಮ ಮೂವರ ಫೋಟೋ. ಟೀ ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದುತ್ತಿದ್ದರೆ ಸ್ನೇಹಿತ ಎಲ್ಲರಿಗೂ ಟೀ ಹೇಳಿಬಿಟ್ಟ. ಅಣ್ಣ ಪೇಪರನ್ನು ಕೈಗೆ ತೆಗೆದುಕೊಂಡವನು ಕೆಳಗಿನ ಸಣ್ಣ ಫೋಟೋ ನೋಡಿ ಮಡಚಿಬಿಟ್ಟ. ಅಮ್ಮನ ಯೂನಿಟ್ಟಿನ ಕಬ್ಬಿಣದ ಬಾಗಿಲು, ಅದಕ್ಕೊಂದು ಬೀಗ. ಆ ಪೇಪರಿನವರು ತಾವೇ ಬೀದಿ ಬೀದಿ ಸುತ್ತಿ ತೆಗೆದಿದ್ದರು.

"ಅಮ್ಮ ಒಳಗವ್ಳೆ ಕಣೇ" ಅಂದ ಅಣ್ಣ.

ಆ ಮಧ್ಯಾಹ್ನವೇ ಸಾಹುಕಾರ ಹೇಳಿಕಳಿಸಿದ. ಅವನು ಬೀಗ ಹಾಕಿದ ಬಾಗಿಲ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದ. ತೊಡೆಯ ಮೇಲೆ ಪೇಪರು. ನಾವು ಹೋದ ಕೂಡಲೇ ಒಳಗೆ ರಾಟೆಗಳ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರು ಕಿವಿ ಕೊಟ್ಟಿದ್ದಾರೆಂದು ಅವನಿಗೂ ಗೊತ್ತಾಯಿತು.

"ಬಾರಪ್ಪ, ದೊಡ್ಡ ಮನುಷ್ಯ ಆಗ್ಬಿಟ್ಟೆ. ಗುರುವಾರ ಟೀವಿಯವ್ರೂ ಬರ್ತಾರೆ ಅಂತ ಇದ್ರಾಗೇ ಬರ್ದವ್ರೆ. ಬರ್ಲಿ, ಊರಿಗೆ ಒಳ್ಳೆ ಹೆಸ್ರು. ರೇಷ್ಮೆ ಮೇಲೊಂದು ಪದ ಹೇಳ್ರಿ. ಬೀಗದ್ದು ಬ್ಯಾಡ."

ಅಣ್ಣ ಬಾಗಿಲ ಬೀಗವನ್ನೇ ನೋಡುತ್ತಿದ್ದ.

"ಒಳಗಿರೋರೆಲ್ಲ ನಿಮ್ಮ ಕೇರಿಯೋರೇ ಅಲ್ವೇನಪ್ಪ? ನಾಳೆಯಿಂದ ಕೆಲ್ಸ ಇಲ್ಲ ಅಂದ್ರೆ ನಿನ್ನ ತಮಟೆ ಅನ್ನ ಹಾಕ್ತದಾ?"

ಅವನು ದನಿ ಏರಿಸಲೇ ಇಲ್ಲ.

ಸಂಜೆ ಅಮ್ಮ ಮನೆಗೆ ಬಂದವಳು, "ನನ್ನ ನೆಪ ಮಾಡ್ಕೊಂಡು ಬಾಯಿ ಮುಚ್ಕೋಬ್ಯಾಡ್ರಿ" ಅಂದಳು.

"ನೀನೊಬ್ಳೇನಾ ಒಳಗಿರೋದು?" ಅಂತ ಅಣ್ಣ ರೇಗಿದ. ಗುರುವಾರಕ್ಕೆ ಮೂರೇ ದಿನವಿತ್ತು. ನಾನು ರೇಷ್ಮೆಯ ಮೇಲೆ ಒಂದು ಪದ ಕಟ್ಟಿದೆ. ಚೆನ್ನಾಗಿಯೇ ಇತ್ತು, ಬಾಯಿಗೆ ಮಾತ್ರ ಹತ್ತುತ್ತಿರಲಿಲ್ಲ.

ಟೀವಿಯವರು ಟೋಪಿ, ಕಪ್ಪು ಕನ್ನಡಕ ತಂದಿದ್ದರು. ನಿರ್ದೇಶಕರು ನಮಗೆ ಅವನ್ನು ತೊಡಿಸಿ, "ಪದ ಏನಾದ್ರೂ ಇರ್ಲಿ, ಸ್ಪೀಡ್ ಇರ್ಬೇಕು. ಕೈ ಹಿಂಗೆ ಆಡ್ಸಿ" ಅಂದರು. ಬಯಲಿನ ತುಂಬ ಜನ. ಗೋಡೆ ಪಕ್ಕದಲ್ಲಿ ಸಾಹುಕಾರ, ಅವನ ಕಡೆಯ ಇಬ್ಬರು. ನಾವು ಒಪ್ಪಿದ್ದೇವೆಂಬ ಧೈರ್ಯಕ್ಕೋ ಏನೋ, ಯೂನಿಟ್ಟಿನ ಹೆಂಗಸರನ್ನೂ ಅವನೇ ನೋಡಲು ಬಿಟ್ಟಿದ್ದ.

ರೇಷ್ಮೆಯ ಪದ ಒಂದು ಸಲ ಹೇಳಿದೆ. ಸಾಹುಕಾರ ತಲೆದೂಗಿದ. "ಇನ್ನೊಂದ್ಸಲ, ಇನ್ನೂ ಜೋರಾಗಿ" ಅಂದರು ನಿರ್ದೇಶಕರು. ತಮಟೆ ಶುರುವಾಯಿತು. ಅಮ್ಮನ ಹಿಂದೆ, ಅವತ್ತು ತಲೆಸುತ್ತಿ ಬಿದ್ದವಳು ನಿಂತಿದ್ದಳು. ಬೆಂದು ಬಿಳಿಚಿದ ಬೆರಳುಗಳು ಕ್ಯಾಮೆರಾಕ್ಕೆ ಕಾಣಬಾರದೆಂದು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ನನಗೆ ರೇಷ್ಮೆಯ ಪದ ಬಾಯಿಗೆ ಬರಲೇ ಇಲ್ಲ. ಬಂದದ್ದು ನಮ್ಮ ಕಡೆ ಎಲ್ಲರಿಗೂ ಬರುವ ತೆಲುಗು.

"ತಲುಪು ತೀ ಸಾಮೀ, ಗಾಲಿ ರಾನೀ, ನೀ ಚೆಯ್ಯೊಕಸಾರಿ ನೀಳ್ಳಲೋ ಪೋನೀ."

ಬಾಗಿಲು ತೆಗಿ ಸಾಮಿ, ಗಾಳಿ ಬರಲಿ. ನಿನ್ನ ಕೈಯೂ ಒಂದು ಸಲ ನೀರಿಗೆ ಹೋಗಲಿ.

ತಮಟೆ ಒಂದು ಪೆಟ್ಟು ತಪ್ಪಿತು. ಅಣ್ಣ ನನ್ನನ್ನೇ ನೋಡಿದ. ನಾನು ನಿಲ್ಲಿಸಲಿಲ್ಲ. ಅವನು ಹಲ್ಲು ಕಚ್ಚಿ ಮೊದಲಿಗಿಂತ ಜೋರಾಗಿ ಹೊಡೆದ. ಹೆಂಗಸರ ಕಡೆಯಿಂದ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

"ಸೂಪರ್! ಇದೇ ಬೇಕಿತ್ತು" ಅಂದರು ತೆಲುಗು ಬಾರದ ನಿರ್ದೇಶಕರು. ಸಾಹುಕಾರ ಆಗಲೇ ಬೆನ್ನು ತಿರುಗಿಸಿ ನಡೆದಿದ್ದ.

ಮರುದಿನ ಬೆಳಿಗ್ಗೆ ಅಮ್ಮನನ್ನು ಬಾಗಿಲಲ್ಲೇ ತಡೆದರು. ಉಳಿದ ಹೆಂಗಸರು ತಾವೂ ಒಳಗೆ ಹೋಗದೆ ಜಗಲಿಯ ಮೇಲೆ ಕೂತುಬಿಟ್ಟರು. ಬೀಗ ಹಾಕುವುದಾದರೆ ಬರುವುದಿಲ್ಲ ಅಂದರು. ಕಾಲೇಜಿಗೆ ಹೋಗದೆ ನಾನೂ ಅಲ್ಲೇ ನಿಂತಿದ್ದೆ. ಸಾಹುಕಾರನ ಕಡೆಯವರು ಬೈದರು, ಬೇರೆ ಆಳು ಕರೆಸುತ್ತೇವೆ ಎಂದರು. ಒಳಗೆ ಒಲೆ ನೋಡುವವನು ಆ ದಿನದ ಗೂಡನ್ನು ಆಗಲೇ ಬೇಯಲು ಹಾಕಿದ್ದ. ಬೆಂದ ಗೂಡು ಕಾಯುವುದಿಲ್ಲ, ಬೇಗ ನೂಲು ತೆಗೆಯದಿದ್ದರೆ ಹಾಳು. ಮಧ್ಯಾಹ್ನದ ಹೊತ್ತಿಗೆ ಸಾಹುಕಾರನ ಕಡೆಯವನೊಬ್ಬ ಬಂದು, ಇನ್ನು ಬೀಗ ಹಾಕುವುದಿಲ್ಲವೆಂದ. ಆದರೆ ಅಮ್ಮ ಮಾತ್ರ ಒಳಗೆ ಬರಕೂಡದು.

ಹೆಂಗಸರು ಅಮ್ಮನ ಮುಖ ನೋಡಿದರು. "ನೀವು ಹೋಗ್ರೇ" ಅಂದಳು ಅಮ್ಮ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ಅವಳಿಗೆ ಬೇರೆ ಯೂನಿಟ್ಟಿನಲ್ಲಿ ಕೆಲಸ ಸಿಗುವಷ್ಟರಲ್ಲಿ ತಿಂಗಳುಗಳೇ ಕಳೆದು ಬೇಸಿಗೆ ಬಂದಿತ್ತು.

ಟೀವಿಯಲ್ಲಿ ನಮ್ಮನ್ನು ಪಕ್ಕದ ಮನೆಯಲ್ಲಿ ಕೂತು ನೋಡಿದೆವು. ಟೋಪಿ ಹಾಕಿಕೊಂಡು ಕೈ ಆಡಿಸುತ್ತಿದ್ದೆವು. ನನ್ನ ಬಾಯಿ ಅಲ್ಲಾಡುತ್ತಿತ್ತು. ಅದರ ಮೇಲೆ ಯಾರದೋ ದಪ್ಪ ದನಿ, ಹಳ್ಳಿಯ ಯುವಕರೂ ವಿದೇಶಿ ಸಂಗೀತಕ್ಕೆ ಮಾರುಹೋಗಿದ್ದಾರೆ ಎಂದು ಹೇಳುತ್ತಿತ್ತು.

"ನಿನ್ನ ಮಾತೇ ಕೇಳಿಸ್ಲಿಲ್ವಲ್ಲೇ?" ಅಂದಳು ಅಮ್ಮ.

ಸ್ನೇಹಿತ ಸಿಟ್ಟಿಗೆದ್ದು ಹೊರಗೆ ಹೋದ. ಅಣ್ಣನಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಸಾಹುಕಾರ ದಿನಾ ಮಾರ್ಕೆಟ್ಟಿಗೆ ಬರುತ್ತಿದ್ದ. ಗೂಡು ಕೊಂಡು, ಅಣ್ಣನ ಮುಂದೆಯೇ ಬೇರೆಯವರನ್ನು ಕೂಗಿ ಮೂಟೆ ಹೊರಿಸುತ್ತಿದ್ದ. ಬೇರೆ ಯೂನಿಟ್ಟುಗಳ ಸಾಹುಕಾರರೂ ಅವನ ಮುಖ ನೋಡಿಕೊಂಡು ಅಣ್ಣನನ್ನು ಕರೆಯುವುದು ಕಡಿಮೆ ಮಾಡಿದರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಆಳು ಸಾಲದೆ ಸಾಹುಕಾರ ಅಣ್ಣನನ್ನು ಕೈ ಬೀಸಿ ಕರೆದನಂತೆ. ಅಣ್ಣ ಹೋಗಿ ಹೊತ್ತನಂತೆ.

"ಏನಂದ?" ಅಂತ ಕೇಳಿದೆ.

"ಏನಿಲ್ಲ. ಹಾಡಿನ ಮಾತೆತ್ಲಿಲ್ಲ. ಗೂಡು ಮೆತ್ಗವೆ, ಹುಷಾರಾಗಿ ಇಳ್ಸು ಅಂದ."