ಟಗರಿನ ಮನೆಯಲ್ಲೊಂದು ಕೊಕ್ಕರೆ

ನೆಲ್ಡಾ ವ್ರಾನಾಳ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ಸಾಲ್ಟ್‌ಕ್ರೀಕಿನಲ್ಲಿ ಯಾರೂ ನೋಡಿಲ್ಲ. ಕಾರು ಬಿಸಿಲಿಗೆ, ನೆರಳು ಸೇವಂತಿಗೆಗೆ. ಗಿಡದ ಹೂವಲ್ಲ, ರೇಷ್ಮೆಯದು; ಊಟದ ತಟ್ಟೆಯಷ್ಟು ಅಗಲ, ಅದರಿಂದ ಮೊಣಕಾಲಿನವರೆಗೆ ಇಳಿಬಿದ್ದ ರಿಬ್ಬನ್ನುಗಳು, ರಿಬ್ಬನ್ನಿನ ತುಂಬ ಗೆಜ್ಜೆ, ಪುಟಾಣಿ ಫುಟ್‌ಬಾಲು, ಹುಡುಗಿಯ ಹೆಸರು. ಟೆಕ್ಸಸ್ಸಿನ ನಮ್ಮ ಕಡೆ ಹೈಸ್ಕೂಲಿನ ಹುಡುಗಿಯರು ವರ್ಷಕ್ಕೊಂದು ಶುಕ್ರವಾರ ಇದನ್ನು ಕೊರಳಿಗೆ ಹಾಕಿಕೊಂಡು ಬೆಳಗಿನ ಪಾಠದಿಂದ ಸಂಜೆಯ ಆಟದವರೆಗೂ ಗಲಗಲ ಎನ್ನುತ್ತ ಓಡಾಡುತ್ತಾರೆ. ಶಾಲೆ ಮುಗಿಸಿ ಹೋದವರೆಲ್ಲ ಅವತ್ತು ತಮ್ಮ ಶಾಲೆಗೆ ಮರಳಿ ಬರುತ್ತಾರೆ. ಹೋಮ್‌ಕಮಿಂಗ್ ಅಂದರೆ ಅದೇ, ಮರಳಿ ಬರುವ ಹಬ್ಬ.

ಹೂವು ಕಟ್ಟುವುದರಲ್ಲಿ ನೆಲ್ಡಾ ಎತ್ತಿದ ಕೈ. ಹಾಗೆಂದು ಬೇರೆಯವರು ಹೇಳಲಿ ಎಂದು ಕಾಯುವ ಜಾಯಮಾನ ಅವಳದಲ್ಲ, ತಾನೇ ಹೇಳಿಬಿಡುತ್ತಾಳೆ. ಆ ಗ್ಯಾರೇಜೇ ಅವಳ ಅಂಗಡಿ, ಅಲ್ಲಿ ಕಟ್ಟಳೆಯೊಂದಿತ್ತು: ಬಿಳಿ ಹೂವು ಹನ್ನೆರಡನೆಯ ಕ್ಲಾಸಿನವರಿಗೆ ಮಾತ್ರ, ಶಾಲೆ ಬಿಟ್ಟು ಹೊರಡುವವರಿಗೆ. ಬ್ಯಾಂಕಿನ ಮ್ಯಾನೇಜರನ ಹೆಂಡತಿ ಒಮ್ಮೆ ಒಂಬತ್ತನೆಯ ಕ್ಲಾಸಿನ ಮಗಳಿಗೆ ಬಿಳಿಯದೇ ಬೇಕೆಂದು ಹಟ ಹಿಡಿದಳು. "ಬಿಳೀದು ಬೇಕಂದ್ರೆ ಮದುವೆ ಬಟ್ಟೆ ಅಂಗಡಿಗೆ ಹೋಗಮ್ಮ, ಇಲ್ಲೇ ಎದುರಿಗಿದೆ" ಎಂದು ನೆಲ್ಡಾ ಬಾಗಿಲು ತೋರಿಸಿದಳು.

ಸಾಲ್ಟ್‌ಕ್ರೀಕ್ ಹೈಸ್ಕೂಲಿನ ಬಣ್ಣ ಮರೂನು ಮತ್ತು ಹಳದಿ, ಲಾಂಛನ ಟಗರು; ಅಲ್ಲಿ ಓದಿದವರೆಲ್ಲ ಟಗರುಗಳೇ. ನೆಲ್ಡಾ ಟಗರು, ಅವಳ ಮಗಳು ಡೀನಾ ಟಗರು, ಮೊಮ್ಮಗಳು ಕೋರಾ ಒಂಬತ್ತಕ್ಕೆ ಸೇರಿ ಹೊಸದಾಗಿ ಟಗರಾಗಿದ್ದಳು. ಕೋರಾ ಹನ್ನೆರಡಕ್ಕೆ ಬಂದಾಗ ಅವಳಿಗೆ ಕಟ್ಟಬೇಕಾದ ಬಿಳಿ ಹೂವನ್ನು ನೆಲ್ಡಾ ಮನಸ್ಸಿನಲ್ಲಿ ಆಗಲೇ ಕಟ್ಟಿ ಮುಗಿಸಿದ್ದಳು. ಮರೂನು ರಿಬ್ಬನ್ನಿನ ಜಡೆ ಎಲ್ಲಿ, ಹಳದಿ ಕುಚ್ಚು ಎಲ್ಲಿ, ಎಲ್ಲ ತೀರ್ಮಾನವಾಗಿತ್ತು. ಈ ಬದುಕಿನಲ್ಲಿ ಅವಳಿಗೆ ಉಳಿದಿದ್ದ ದೊಡ್ಡ ಆಸೆ ಅದೊಂದೇ.

ಆದರೆ ನೆಲ್ಡಾ ಹುಟ್ಟಾ ಟಗರಲ್ಲ. ರೈಲು ಹಳಿಯ ಪೂರ್ವಕ್ಕೆ ಲಿಪಾ ಎಂಬ ಜಾಗವಿತ್ತು. ಜೆಕ್ ರೈತರ ನಾಲ್ಕು ಮನೆ, ಒಂದು ಚರ್ಚು, ಒಂದೇ ಕೋಣೆಯ ಶಾಲೆ. ಅವಳು ಮೂರನೆಯ ಕ್ಲಾಸಿನಲ್ಲಿದ್ದಾಗ ಆ ಶಾಲೆಗೆ ಬೀಗ ಬಿತ್ತು. ಮಕ್ಕಳನ್ನೆಲ್ಲ ಬಸ್ಸಿಗೆ ತುಂಬಿ ಸಾಲ್ಟ್‌ಕ್ರೀಕಿಗೆ ಸಾಗಿಸಿದರು. ಮೊದಲ ದಿನ ಅವಳ ಬುತ್ತಿಯಲ್ಲಿ ಅಮ್ಮ ಮಾಡಿದ ಕರಿ ಗಸಗಸೆ ಹೂರಣದ ಕೊಲಾಚೆ ಬನ್ನಿತ್ತು. ಪೇಟೆಯ ಹುಡುಗನೊಬ್ಬ ಇಣುಕಿ ನೋಡಿ, "ಇವಳ ಬನ್ನಲ್ಲಿ ಇರುವೆ ಐತೆ!" ಎಂದು ಕೂಗಿದ. ನೆಲ್ಡಾ ಅಳಲಿಲ್ಲ, ಬುತ್ತಿಯ ಡಬ್ಬಿಯಿಂದಲೇ ಅವನ ಮೂತಿಗೆ ಕೊಟ್ಟಳು. ಆದರೆ ಮಾರನೆಯ ದಿನದಿಂದ ಅವಳ ಡಬ್ಬಿಯಲ್ಲಿ ಸ್ಯಾಂಡ್‌ವಿಚ್ಚು. ಲಿಪಾ ಎಂಬ ಹೆಸರು ಆಮೇಲೆ ಅವಳ ಬಾಯಲ್ಲಿ ಬರಲೇ ಇಲ್ಲ.

ಆ ಕಾಲಕ್ಕೆ ಹುಡುಗಿಗೆ ಸೇವಂತಿಗೆಯನ್ನು ಹುಡುಗನೇ ತಂದುಕೊಡಬೇಕಾಗಿತ್ತು. ಹನ್ನೆರಡನೆಯ ಕ್ಲಾಸಿನಲ್ಲಿ ಹಳ್ಳಿ ಹುಡುಗಿಗೆ ಯಾವ ಹುಡುಗನೂ ಸೇವಂತಿಗೆ ಕೊಡಲಿಲ್ಲ. ಅವಳು ಬಿಳಿ ಕಾಗದದಲ್ಲಿ ತಾನೇ ಒಂದು ಮಾಡಿಕೊಂಡು, ಪಕ್ಕದೂರಿನ ಹುಡುಗ ಕಳಿಸಿದ್ದೆಂದು ಎಲ್ಲರ ಕಿವಿಯ ಮೇಲೂ ಹೂವಿಟ್ಟಳು. ಆ ಹುಡುಗನ ಹೆಸರು ಕೇಳಿದರೆ ಇವತ್ತಿಗೂ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾಳೆ. ಹೂವು ಎಷ್ಟು ಚೆನ್ನಾಗಿತ್ತೆಂದರೆ ಮುಂದಿನ ವರ್ಷ ಹುಡುಗಿಯರು ಅವಳ ಮನೆ ಹುಡುಕಿಕೊಂಡು ಬಂದರು, ಕಸುಬು ಹಾಗೆ ಶುರುವಾಯಿತು. ಗಂಡ ಸ್ಟಾನ್ಲಿ ಒಳ್ಳೆಯವನೇ, ಆದರೆ ಹೂವಿನಂಗಡಿಯವಳಿಗೆ ಹೂವು ಕೊಡುವುದು ದಂಡ ಎಂದು ಸಾಯುವವರೆಗೂ ನಂಬಿದ್ದ. ಹೀಗಾಗಿ ಊರಿಗೆಲ್ಲ ಸೇವಂತಿಗೆ ಹಾಕಿದವಳ ಕೊರಳಿಗೆ ಇನ್ನೊಬ್ಬರು ಕೊಟ್ಟ ಸೇವಂತಿಗೆ ಬಿದ್ದಿರಲೇ ಇಲ್ಲ.

ಅಷ್ಟರಲ್ಲಿ ಊರು ಊದಿಕೊಂಡಿತು. ಹತ್ತಿ ಬೆಳೆಯುತ್ತಿದ್ದ ಕಡೆಯೆಲ್ಲ ಒಂದೇ ಅಚ್ಚಿನ ಮನೆಗಳೆದ್ದವು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಜಾಗ ಸಾಲದೆ ಅಂಗಳದಲ್ಲಿ ತಗಡಿನ ಡಬ್ಬಗಳನ್ನಿಟ್ಟು ಪಾಠ ಮಾಡಿದರು. ಕೊನೆಗೆ ಹಳಿಯ ಆಚೆ ಎರಡನೆಯ ಹೈಸ್ಕೂಲು ಕಟ್ಟಿದರು: ಈಸ್ಟ್ ರಿಜ್. ಬಣ್ಣ ನವಿಲು ನೀಲಿ, ಲಾಂಛನ ಕೊಕ್ಕರೆ. ಯಾವ ಮಕ್ಕಳು ಯಾವ ಶಾಲೆಗೆಂದು ಶಾಲಾ ಮಂಡಳಿ ನಕ್ಷೆಯ ಮೇಲೆ ಗೆರೆ ಎಳೆಯಿತು. ಹನ್ನೊಂದು, ಹನ್ನೆರಡಕ್ಕೆ ಹೋಗುವವರು ಎಲ್ಲಿದ್ದರೂ ಹಳೆಯ ಶಾಲೆಯಲ್ಲೇ ಉಳಿಯಬಹುದು. ಹತ್ತು ಮತ್ತು ಅದಕ್ಕಿಂತ ಕೆಳಗಿನವರು ಗೆರೆ ಹೇಳಿದ ಕಡೆ ಹೋಗಬೇಕು. ಕೋರಾ ಹತ್ತಕ್ಕೆ. ಗೆರೆ ನೆಲ್ಡಾಳ ಬೀದಿಯ ಪಶ್ಚಿಮಕ್ಕೆ ಹಾದುಹೋಗಿತ್ತು. ತಾಯಿ, ಮಗಳು, ಅಜ್ಜಿ ಮೂವರೂ ಇದ್ದ ಮನೆ ಹೊಸ ಶಾಲೆಯ ಪಾಲಾಯಿತು.

ಅಹವಾಲು ಕೇಳುವ ಸಭೆಗೆ ಊರೇ ನೆರೆದಿತ್ತು. ಮೈಕಿನ ಮುಂದೆ ಸಾಲು ನಿಂತು ಒಬ್ಬೊಬ್ಬರೂ ತಮ್ಮ ಮನೆ ಬಿಟ್ಟು ಪಕ್ಕದ ಮನೆಯವರನ್ನು ಆಚೆಗೆ ಕಳಿಸಿ ಎಂದು ಬಹಳ ಮರ್ಯಾದೆಯಿಂದ ಕೇಳಿಕೊಂಡರು. ನೆಲ್ಡಾ ಮರೂನು ಅಂಗಿ ತೊಟ್ಟು ಬಂದಳು.

"ವಿಟ್ಲೋ, ನಿನ್ನ ಹೆಂಡತಿಗೆ ಹೂವು ಕಟ್ಟಿದವಳು ನಾನು, ನಿನ್ನ ಮಗಳಿಗೂ ನಾನೇ. ನನ್ನ ಮೊಮ್ಮಗಳನ್ನ ಕೊಕ್ಕರೆ ಮಾಡ್ತೀಯೇನಯ್ಯ?"

ಮಂಡಳಿಯ ಅಧ್ಯಕ್ಷ ವಿಟ್ಲೋ ಕನ್ನಡಕ ಒರೆಸಿಕೊಂಡ. "ನೆಲ್ಡಾ ಮೇಡಂ, ಎಲ್ಲರ ಮನೆ ಬಿಟ್ಟು ಗೆರೆ ಎಳೆದ್ರೆ ಹೊಸ ಶಾಲೇಲಿ ಬರೀ ಮೇಷ್ಟ್ರುಗಳೇ ಇರ್ತಾರೆ."

"ಇರಲಿ ಬಿಡು, ಅವರೂ ಸ್ವಲ್ಪ ಸುಧಾರಿಸ್ಕೊಳ್ಳಲಿ."

ಸಭೆಯೆಲ್ಲ ನಕ್ಕಿತು. ನಗು ನಿಂತ ಮೇಲೆ ಮಂಡಳಿಯ ಏಳು ಜನವೂ ಗೆರೆಗೇ ಕೈ ಎತ್ತಿದರು. ಸೋತು ಅಭ್ಯಾಸವಿಲ್ಲದ ನೆಲ್ಡಾ ಮತ್ತೆ ಮೈಕು ಹಿಡಿದು, ಎರಡೂ ಕೈ ಎತ್ತಿ ತೋರಿಸಿ, ಕಡ್ಡಿ ಮುರಿದಂತೆ ಹೇಳಿದಳು: "ಎಲ್ಲರೂ ನೋಡ್ಕೊಳ್ಳಿ. ಈ ಕೈ ಇರೋವರೆಗೂ ನವಿಲು ಬಣ್ಣದ ರಿಬ್ಬನ್ ಮುಟ್ಟಲ್ಲ. ನನ್ನ ಮೊಮ್ಮಗಳದ್ದಾದ್ರೂ ಅಷ್ಟೇ, ಯಾರದ್ದಾದ್ರೂ ಅಷ್ಟೇ."

ಹಿಂದಿನ ಸಾಲಿನಲ್ಲಿ ಕೋರಾ ಕೂತಿದ್ದಳು. ತನ್ನ ಬಿಳಿ ಹೂವು ಹೋಯಿತು ಎಂದು ಅವಳಿಗೆ ಅರ್ಥವಾಯಿತು. ನೆಲ್ಡಾಳಿಗೆ ಅದು ಅರ್ಥವಾದದ್ದು ಮನೆಗೆ ಬಂದು ಬೂಟು ಬಿಚ್ಚುವಾಗ. ಆದರೆ ಊರ ಮುಂದೆ ಆಡಿದ ಮಾತು. ಅದನ್ನು ನುಂಗುವ ಗಂಟಲು ಅವಳಿಗಿರಲಿಲ್ಲ.

ಆಗಸ್ಟಿನಲ್ಲಿ ಶಾಲೆ ತೆರೆದ ದಿನ ಡೀನಾಳಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ಕೋರಾಳನ್ನು ಬಿಡಲು ನೆಲ್ಡಾಳೇ ಹೋಗಬೇಕಾಯಿತು. ಹೊಸ ಶಾಲೆ ಎಲ್ಲಿ ಎದ್ದಿದೆಯೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಆ ಕಡೆ ಕಾರು ಮಾತ್ರ ತಿರುಗಿಸಿರಲಿಲ್ಲ. ದಾರಿಯುದ್ದಕ್ಕೂ ಕಟ್ಟಡಕ್ಕೆ, ಕೊಕ್ಕರೆಗೆ, ವಿಟ್ಲೋಗೆ ಸರದಿಯಂತೆ ಮಂಗಳಾರತಿ ಎತ್ತಿದಳು. ಕಾರು ನಿಲ್ಲಿಸುವ ಜಾಗಕ್ಕೆ ಬಂದಾಗ ಬೈಗುಳ ಬಿಟ್ಟು ಮುಂದಕ್ಕೆ ಬಗ್ಗಿ ನೋಡಿದಳು. ನಡುವೆ ಒಂದು ಓಕ್ ಮರ. ಸುತ್ತ ಸಿಮೆಂಟು ಹಾಕಿ ಮರವನ್ನು ಮಾತ್ರ ಉಳಿಸಿದ್ದರು.

"ಇದರ ಕೆಳಗೇ ಕಣೇ ನಾವು ಬುತ್ತಿ ಬಿಚ್ತಿದ್ದಿದ್ದು" ಎಂದಳು ನೆಲ್ಡಾ.

"ನಾವು ಅಂದ್ರೆ ಯಾರಜ್ಜಿ?"

"ಲಿಪಾ ಮಕ್ಕಳು. ಶಾಲೆ ಅಲ್ಲಿತ್ತು, ಆ ಕಂಬ ನೆಟ್ಟಿದಾರಲ್ಲ, ಅಲ್ಲಿ. ಎಮಿಲ್ ಈ ಮರದಿಂದ ಬಿದ್ದು ಕೈ ಮುರ್ಕೊಂಡಿದ್ದ." ಅಷ್ಟು ಹೇಳಿ ಅವಳು ಕಾರಿನ ಬಾಗಿಲಿನ ಕಡೆ ಕೈ ತೋರಿಸಿದಳು. "ಇಳಿ ಇಳಿ, ಬೆಲ್ ಹೊಡೀತು."

ಬೆಲ್ ಹೊಡೆದಿರಲಿಲ್ಲ. ಕೋರಾ ಮರವನ್ನೂ ಅಜ್ಜಿಯನ್ನೂ ಒಮ್ಮೆ ನೋಡಿ ಇಳಿದು ಹೋದಳು.

ಸೆಪ್ಟೆಂಬರಿನಲ್ಲಿ ಹೂವಿನ ಸುಗ್ಗಿ. ಹಳಿಯ ಪೂರ್ವದ ತಾಯಂದಿರು ಬಂದು ನವಿಲು ಬಣ್ಣ ಕೇಳಿದರು. ನೆಲ್ಡಾ ಜಗ್ಗಲಿಲ್ಲ. ಅವರು ದೊಡ್ಡಂಗಡಿಯ ಸಿದ್ಧ ಹೂವು ಕೊಂಡು ಹೋಗುವುದನ್ನು ನೋಡಿ, ಅಂಟು ಸುರಿದ ಆ ಹೊಲಸು ಕೆಲಸವನ್ನು ನೆನೆದು ಅವಳ ಮೈ ಉರಿಯಿತು. ಕೋರಾ ಮಾತ್ರ ಹೂವಿನ ಮಾತೇ ಎತ್ತಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು, ಬೈದು ಹಗುರಾಗಬಹುದಿತ್ತು. ಈ ಹುಡುಗಿ ಕೇಳಲೇ ಇಲ್ಲವಲ್ಲ!

ಕೊನೆಗೆ ರಾತ್ರಿ ಊಟದ ಹೊತ್ತಿಗೆ ನೆಲ್ಡಾಳೇ ಕೆಣಕಿದಳು. "ನಿಮ್ಮ ಕೊಕ್ಕರೆಗಳೂ ಹೋಮ್‌ಕಮಿಂಗ್ ಮಾಡ್ತಾವಂತೆ? ಅಲ್ಲಿಂದ ಇನ್ನೂ ಯಾರೂ ಹೋಗೇ ಇಲ್ಲ, ವಾಪಸ್ ಬರೋರು ಯಾರೇ? ದೆವ್ವಗಳಾ?"

"ಹುಡುಕ್ತಾ ಇದೀವಿ ಅಜ್ಜಿ" ಎಂದಳು ಕೋರಾ. ಅವಳು ವಿದ್ಯಾರ್ಥಿ ಸಂಘದಲ್ಲಿದ್ದಳು. "ಸಾಸೇಜ್ ಇನ್ನೊಂದು ಹಾಕಮ್ಮ" ಎಂದು ಡೀನಾಳ ಕಡೆ ತಟ್ಟೆ ಚಾಚಿದಳು.

ಹಬ್ಬಕ್ಕೆ ಎರಡು ದಿನವಿರುವಾಗ ನೆಲ್ಡಾ ಪೇಟೆಯಿಂದ ದಾರ ತಂದು ಗ್ಯಾರೇಜಿನ ಬಾಗಿಲು ತೆರೆದರೆ, ಅವಳದೇ ಕುರ್ಚಿಯಲ್ಲಿ ಕೋರಾ. ಮೇಜಿನ ಮೇಲೆ ನವಿಲು ಬಣ್ಣದ ರಿಬ್ಬನ್ನಿನ ಸುರುಳಿ. ಅದರ ನಡುವೆ ಒಂದು ಸೇವಂತಿಗೆ. ಬಿಳಿ.

ನೆಲ್ಡಾಳ ಕಣ್ಣು ಕೆಂಪಗಾಯಿತು. ನವಿಲು ಬಣ್ಣವನ್ನಾದರೂ ಅವಳು ಸಹಿಸುತ್ತಿದ್ದಳೇನೋ.

"ಏಳೇ ಮೇಲೆ! ಹತ್ತನೇ ಕ್ಲಾಸಿನವಳಿಗೆ ಬಿಳಿ ಹೂವಾ? ನನ್ನ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ? ಊರು ಮುಖಕ್ಕೆ ಉಗಿಯುತ್ತೆ. ಬಿಳೀದು ಶಾಲೆ ಬಿಟ್ಟು ಹೋಗೋರಿಗೆ ಕಣೇ!"

"ಗೊತ್ತು."

"ಗೊತ್ತಿದ್ದೂ? ನಿಮ್ಮ ಶಾಲೇಲಿ ಹನ್ನೆರಡನೇ ಕ್ಲಾಸೇ ಇಲ್ಲ. ಬಿಳಿ ಹೂವಿನ ಹಕ್ಕು ಯಾವಳಿಗಿದೆ ಅಲ್ಲಿ?"

"ಒಬ್ಬಳಿಗಿದೆ" ಎಂದಳು ಕೋರಾ. ಅವಳ ಬೆರಳಿಗೆ ಅಂಟು ಮೆತ್ತಿತ್ತು. "ಆ ಜಾಗದ ಶಾಲೆ ಬಿಟ್ಟು ಹೋದೋಳು. ಮೂರನೇ ಕ್ಲಾಸಲ್ಲಿ. ಎಮಿಲ್ ತಾತನೂ ಬರ್ತೀನಿ ಅಂದಿದಾರೆ, ಇನ್ನೂ ನಾಲ್ಕು ಜನ ಸಿಕ್ಕಿದಾರೆ. ಮರಳಿ ಬರೋರು ನೀವು ಆರು ಜನಾನೇ ಅಜ್ಜಿ. ಈ ಹೂವು ನಿನಗೆ."

ನೆಲ್ಡಾ ಬಾಗಿಲಲ್ಲೇ ನಿಂತಳು. ಅವಳಿಗೆ ಅಳು ಬಂದಿತ್ತು, ಅದರಲ್ಲಿ ಎರಡು ಮಾತಿಲ್ಲ. ಇಷ್ಟು ವರ್ಷ ಸಾವಿರಾರು ಹುಡುಗಿಯರ ಕೊರಳು ಅಳೆದವಳಿಗೆ, ತನ್ನ ಕೊರಳ ಅಳತೆ ಯಾರೂ ಕೇಳಿರಲಿಲ್ಲವೆಂದು ಆಗ ಹೊಳೆಯಿತು. ಅವಳು ಹತ್ತಿರ ಬಂದು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಹೂವಿನ ಮೇಲೆ ಬಗ್ಗಿ ನೋಡಿದಳು.

"ಜಡೆ ಸೊಟ್ಟಗಿದೆ" ಎಂದಳು.

"ಹೌದಾ?"

"ಹೌದಾ ಅಂತಾಳೆ! ನಾಯಿ ಬಾಲ ಇದಕ್ಕಿಂತ ನೆಟ್ಟಗಿರುತ್ತೆ. ಬಿಚ್ಚು. ಎಡಗಡೆದು ಮೇಲೆ ತಗೋ. ಬಿಗಿಯಾಗಿ. ಇನ್ನೂ ಬಿಗಿಯಾಗಿ."

"ನೀನೇ ಒಂದ್ಸಲ ತೋರ್ಸು ಅಜ್ಜಿ."

"ಈ ಕೈ ಮುಟ್ಟಲ್ಲ ಅಂದಿದೀನಿ. ಊರೆಲ್ಲ ಕೇಳಿದೆ."

ಹಾಗೆ, ಕೈ ಹಿಂದೆ ಕಟ್ಟಿಕೊಂಡೇ, ಅವಳು ಮೂರು ಸಲ ಬಿಚ್ಚಿಸಿದಳು, ಮೂರು ಸಲ ಕಟ್ಟಿಸಿದಳು. ಡೀನಾ ಬಾಗಿಲಿಗೆ ಬಂದು ಇಣುಕಿ ನಕ್ಕು ಹೋದಳು. ಹೂವಿನ ಕಸುಬನ್ನು ನೆಲ್ಡಾ ಯಾರಿಗೂ ಕಲಿಸಿದವಳಲ್ಲ, ತನ್ನ ಕೈಗೆ ಸಮ ಇನ್ನೊಂದು ಕೈಯಿಲ್ಲ ಎಂಬುದು ಅವಳ ಗಟ್ಟಿ ಅಭಿಪ್ರಾಯ. ಅವತ್ತು ಬಾಯಲ್ಲೇ ಎಲ್ಲವನ್ನೂ ಹೇಳಿಕೊಡಬೇಕಾಯಿತು. ಗೆಜ್ಜೆ ಎಲ್ಲಿ ಬಿದ್ದರೆ ನಡೆಯುವಾಗ ಸದ್ದು ಬರುತ್ತದೆ, ಭಾರ ಎಲ್ಲಿ ಹೆಚ್ಚಾದರೆ ಹೂವು ಬಗ್ಗುತ್ತದೆ, ಎಲ್ಲ.

ಶುಕ್ರವಾರ ಸಂಜೆ ಕೊಕ್ಕರೆಗಳ ಮೈದಾನದ ಬಾಗಿಲಲ್ಲಿ ವಿಟ್ಲೋ ಎದುರಾದ. ನೆಲ್ಡಾಳ ಕೊರಳಲ್ಲಿ ಬಿಳಿ ಸೇವಂತಿಗೆ, ಮೊಣಕಾಲಿನವರೆಗೆ ನವಿಲು ನೀಲಿ. ಅವನು ನೋಡಿ ತುಟಿ ಕಚ್ಚಿಕೊಂಡ.

"ಏನು ಮೇಡಂ, ರಿಬ್ಬನ್ ಮುಟ್ಟಲ್ಲ ಅಂದಿದ್ರಿ?"

"ಕೈ ಮುಟ್ಟಲ್ಲ ಅಂದಿದ್ದೆ. ಕುತ್ತಿಗೆ ವಿಷಯ ಮಾತಾಡಿರಲಿಲ್ಲ" ಎಂದು ನೆಲ್ಡಾ ತಲೆ ಎತ್ತಿ ಗಲಗಲ ಎಂದು ಒಳಗೆ ನಡೆದಳು. ಹೆಗಲಿನಲ್ಲಿ ಒಂದು ಚೀಲವಿತ್ತು. ಅದರ ತುಂಬ ಗಸಗಸೆಯ ಕೊಲಾಚೆ.

ಆಟದ ನಡುವಿನ ಬಿಡುವಿನಲ್ಲಿ ಅವರನ್ನು ಮೈದಾನಕ್ಕೆ ಕರೆದರು. ಆರು ಮಂದಿ ಮುದುಕ ಮುದುಕಿಯರು ಬಿಳಿಯ ಗೆರೆಯ ಮೇಲೆ ಸಾಲಾಗಿ ನಿಂತರು. ಎಮಿಲ್ ಊರುಗೋಲು ಹಿಡಿದು ನೆಲ್ಡಾಳ ಪಕ್ಕ ನಿಂತ. ಮೈಕಿನಲ್ಲಿ ಹೆಸರು ಬಂತು: "ನೆಲ್ಡಾ ವ್ರಾನಾ. ಲಿಪಾ ಶಾಲೆ." ಆ ಹೆಸರು ಅಷ್ಟು ದೊಡ್ಡ ದನಿಯಲ್ಲಿ, ಅಷ್ಟು ಜನರ ಮುಂದೆ, ಅದೇ ನೆಲದ ಮೇಲೆ. ಮಕ್ಕಳೆಲ್ಲ ಎದ್ದು ನಿಂತು ಕೂಗಿದರು. ಕೋರಾ ಗೆರೆಯ ಆ ತುದಿಯಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ಹಳಿಯ ಕಡೆಯಿಂದ ಗಾಳಿ ಎದ್ದಿತು. ಉದ್ದನೆಯ ರಿಬ್ಬನ್ನುಗಳು ಹಾರಿ ಎಮಿಲ್‌ನ ಮುಖಕ್ಕೆ ಬಡಿದವು. "ಏ ನೆಲ್ಡಾ, ನಿನ್ನ ಬಾಲ ಹಿಡ್ಕೊಳ್ಳೇ, ಕಣ್ಣೇ ಕಾಣಿಸ್ತಿಲ್ಲ" ಎಂದು ಅವನು ಗೊಣಗಿದ. ನೆಲ್ಡಾ ಎರಡೂ ಕೈಯಲ್ಲಿ ಅವನ್ನು ಬಾಚಿ ಎದೆಗೆ ಒತ್ತಿಕೊಂಡಳು.

ಗಾಳಿ ನಿಂತಿತು. ಅವಳು ಬಿಡಲಿಲ್ಲ.

ಕೋರಾ ಓಡಿ ಬಂದಳು. "ಅಜ್ಜಿ, ಕೈ! ಕೈ ನೋಡು!"

"ಬಾಯಿ ಮುಚ್ಚೇ" ಎಂದಳು ನೆಲ್ಡಾ. "ಗಾಳಿ ಇದೆ."